ಮಿರ್-21 ಇಲ್ಲದ ಇಲಿಯ ಹೃದಯವೂ ದಪ್ಪವಾಯಿತು: ಹಾಗಾದರೆ ತರಗತಿಯಲ್ಲಿ ಏನೆಂದು ಹೇಳಲಿ?

ಜೀವಶಾಸ್ತ್ರದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವನು. 2024ರಲ್ಲಿ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ ನೊಬೆಲ್ ಬಂದ ಮೇಲೆ, ವಂಶವಾಹಿಗಳ ಪಾಠ ಮುಗಿಸುವಾಗ ಮೈಕ್ರೋಆರ್‌ಎನ್‌ಎ ಬಗ್ಗೆ ಹತ್ತು ನಿಮಿಷ ಮಾತನಾಡುವುದನ್ನು ರೂಢಿಸಿಕೊಂಡಿದ್ದೇನೆ. 22 ಅಕ್ಷರಗಳಷ್ಟು ಉದ್ದದ ಈ ತುಣುಕು ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆಯನ್ನು ತಗ್ಗಿಸುತ್ತದೆ ಎಂಬಲ್ಲಿಯವರೆಗೆ ನನಗೆ ಯಾವ ತೊಡಕೂ ಇರಲಿಲ್ಲ.

ಈ ವರ್ಷ ಒಬ್ಬ ವಿದ್ಯಾರ್ಥಿನಿ ತನ್ನ ತಂದೆಯ ಎಕೋ (ಹೃದಯದ ಅಲ್ಟ್ರಾಸೌಂಡ್) ವರದಿಯನ್ನು ತಂದು ತೋರಿಸಿದಳು. ಅದರಲ್ಲಿ ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡಗಡೆಯ ಕೆಳಕೋಣೆಯ, ಗೋಡೆ 14 ಮಿಲಿಮೀಟರ್ ಎಂದು ಬರೆದಿತ್ತು. ಹೃದಯದ ಸ್ನಾಯು ದಪ್ಪವಾಗಲು ಮೈಕ್ರೋಆರ್‌ಎನ್‌ಎಗಳೂ ಕಾರಣವೆಂದು ಎಲ್ಲೋ ಓದಿದ್ದ ಅವಳು, ಯಾವುದು ಕಾರಣ, ಅದನ್ನು ತೆಗೆದುಹಾಕಲು ಬರುವುದಿಲ್ಲವೇ ಎಂದು ಕೇಳಿದಳು. ಮನೆಗೆ ಬಂದು ಓದಲು ಕುಳಿತೆ. 2008ರ ಒಂದು ಸಂಶೋಧನೆಯ ಪ್ರಕಾರ ಮಿರ್-21 ಎಂಬ ಮೈಕ್ರೋಆರ್‌ಎನ್‌ಎಯನ್ನು ತಡೆದರೆ ಇಲಿಯ ಹೃದಯ ಸುಧಾರಿಸುತ್ತದೆ. 2010ರ ಇನ್ನೊಂದರ ಪ್ರಕಾರ ಮಿರ್-21 ಹುಟ್ಟಿನಿಂದಲೇ ಇಲ್ಲದ ಇಲಿಯ ಹೃದಯವೂ ಒತ್ತಡ ಬಿದ್ದಾಗ ಉಳಿದ ಇಲಿಗಳ ಹೃದಯದಂತೆಯೇ ದಪ್ಪವಾಗುತ್ತದೆ. ಎರಡೂ ಹೆಸರಾಂತ ಗುಂಪುಗಳ ಕೆಲಸ. ಇವುಗಳಲ್ಲಿ ಯಾವುದನ್ನು ನಂಬಿ ನಾನು ಆ ಹುಡುಗಿಗೆ ಉತ್ತರ ಹೇಳಬೇಕು?

ಕೆರೆಯಂಗಳ

ಇದು ಕೋವಿಡ್ ಲಸಿಕೆಯಲ್ಲಿದ್ದ ಆರ್‌ಎನ್‌ಎ ತಾನೇ? ಅದೂ ಹೃದಯಕ್ಕೆ ಸಂಬಂಧಪಟ್ಟಿದ್ದೆಂದು ಜನ ಮಾತನಾಡುತ್ತಿದ್ದರು.

ಅನುಮಾನದ ಅಣ್ಣಯ್ಯ

ಅಲ್ಲ. ಲಸಿಕೆಯಲ್ಲಿದ್ದದ್ದು ಸಂದೇಶವಾಹಕ ಆರ್‌ಎನ್‌ಎ. ಅದರ ಉದ್ದ ಸುಮಾರು 4,000 ಅಕ್ಷರ, ಅದರ ಕೆಲಸ ಪ್ರೋಟೀನ್ ಮಾಡಿಸುವುದು. ಮೈಕ್ರೋಆರ್‌ಎನ್‌ಎ ಅದಕ್ಕೆ ತದ್ವಿರುದ್ಧ: ತಾನು ಯಾವ ಪ್ರೋಟೀನನ್ನೂ ಮಾಡಿಸದೆ, ಬೇರೆಯವರು ಮಾಡಿಸುವುದನ್ನು ಕಡಿಮೆ ಮಾಡುತ್ತದೆ. ಹೆಸರಿನಲ್ಲಿ ಒಂದಕ್ಷರದ ಹೋಲಿಕೆ ಇದ್ದ ಮಾತ್ರಕ್ಕೆ ಇವೆರಡನ್ನೂ ಒಂದೇ ಗಾಡಿಗೆ ಹೂಡಬೇಡಿ.

ಎದೆಬಡಿತ ಡಾಕ್ಟರ್

ಮೇಷ್ಟ್ರೇ, ಮೊದಲು ವರದಿಯ ವಿಷಯ. ನಮ್ಮಲ್ಲಿ ರೋಗಿಗಳು "ಹಾರ್ಟ್ ದೊಡ್ಡದಾಗಿದೆಯಂತೆ" ಎಂದು ಬರುತ್ತಾರೆ. ಆ ಒಂದು ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಸೇರಿಕೊಂಡಿರುತ್ತವೆ. ಹೃದಯದ ಕೋಣೆ ಅಗಲವಾಗಿ ಗೋಡೆ ತೆಳುವಾಗುವುದು ಒಂದು, ಕೋಣೆ ಇದ್ದಷ್ಟೇ ಇದ್ದು ಗೋಡೆ ದಪ್ಪವಾಗುವುದು ಇನ್ನೊಂದು. ನಿಮ್ಮ ವಿದ್ಯಾರ್ಥಿನಿಯ ತಂದೆಯದು ಎರಡನೆಯದು. ಸಾಮಾನ್ಯವಾಗಿ ಆ ಗೋಡೆ 6ರಿಂದ 10 ಮಿಲಿಮೀಟರ್ ಇರುತ್ತದೆ.

ದಪ್ಪವಾಗುವುದೆಂದರೆ ಜೀವಕೋಶಗಳ ಸಂಖ್ಯೆ ಹೆಚ್ಚುವುದಲ್ಲ. ಬೆಳೆದವರ ಹೃದಯಸ್ನಾಯುವಿನ ಕೋಶಗಳು ಬಹುಮಟ್ಟಿಗೆ ವಿಭಜನೆಯನ್ನು ನಿಲ್ಲಿಸಿಬಿಟ್ಟಿರುತ್ತವೆ. ಇರುವ ಕೋಶವೇ ಉಬ್ಬಿ, ಒಳಗಿನ ಸಂಕೋಚನದ ಎಳೆಗಳನ್ನು ಹೆಚ್ಚಿಸಿಕೊಳ್ಳುತ್ತದೆ. ಬಿಪಿ ಏರಿದಾಗ ಗೋಡೆಯ ಮೇಲೆ ಬೀಳುವ ಎಳೆತವನ್ನು ಹಂಚಿಕೊಳ್ಳಲು ಹೃದಯ ಹುಡುಕಿಕೊಂಡ ದಾರಿ ಅದು. ಮೊದಲು ಒದಗಿಬರುವ ಆ ದಾರಿಯೇ ವರ್ಷಗಳು ಕಳೆದಂತೆ ಮುಳುವಾಗುತ್ತದೆ. ಅವರಿಗೆ ಬಿಪಿ ಇದೆಯೇ? ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ?

ಜೀವಶಾಸ್ತ್ರದ ಮೇಷ್ಟ್ರು

ಇದೆ ಡಾಕ್ಟರೇ. ತಲೆಸುತ್ತು ನಿಂತಿತೆಂದು ಮಾತ್ರೆಯನ್ನು ತಾವೇ ನಿಲ್ಲಿಸಿದ್ದರಂತೆ.

ಎದೆಬಡಿತ ಡಾಕ್ಟರ್

ಹಾಗಾದರೆ ಕಾರಣ ಸಿಕ್ಕಿತಲ್ಲ. ಮೈಕ್ರೋಆರ್‌ಎನ್‌ಎ ಹುಡುಕಿಕೊಂಡು ಅಷ್ಟು ದೂರ ಏಕೆ ಹೋಗುತ್ತೀರಿ?

ಸೂಜಿ-ದಾರ

ಡಾಕ್ಟರ ಮಾತನ್ನು ಅಲ್ಲಗಳೆಯುವುದಿಲ್ಲ, ಆದರೆ ಬಿಪಿ ಏರಿತೆಂಬ ಸುದ್ದಿ ಕೋಶದ ಒಳಗಿನ ವಂಶವಾಹಿಗಳಿಗೆ ತಲುಪುವ ದಾರಿಯಲ್ಲಿ ಏನು ನಡೆಯುತ್ತದೆ ಎಂಬುದೇ ಮೇಷ್ಟ್ರ ಪ್ರಶ್ನೆ. ನಾನು ಹೊರದೇಶದ ಒಂದು ಪ್ರಯೋಗಶಾಲೆಯಲ್ಲಿ ನಾಲ್ಕು ವರ್ಷ ಇದೇ ಕೆಲಸ ಮಾಡಿದವಳು. ಆದ್ದರಿಂದ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಇಲಿಗೆ ಬಿಪಿ ಬರಿಸುವುದು ಹೇಗೆಂದು ಮೊದಲು ನೋಡಿ. 25 ಗ್ರಾಂ ತೂಕದ ಇಲಿಯನ್ನು ಅರಿವಳಿಕೆಯಲ್ಲಿ ಮಲಗಿಸಿ, ಸೂಕ್ಷ್ಮದರ್ಶಕದ ಕೆಳಗೆ ಎದೆಯನ್ನು ತೆರೆದು, ಮಹಾಪಧಮನಿಯ ಕಮಾನಿನ ಪಕ್ಕದಲ್ಲಿ 27 ಗೇಜ್ ಸೂಜಿಯನ್ನು ಒರಗಿಸಿ ಇಡುತ್ತೇವೆ. ಸೂಜಿ ಮತ್ತು ರಕ್ತನಾಳ ಎರಡನ್ನೂ ಸೇರಿಸಿ ರೇಷ್ಮೆದಾರದಿಂದ ಬಿಗಿದು ಗಂಟು ಹಾಕಿ, ಸೂಜಿಯನ್ನು ಮೆಲ್ಲನೆ ಜಾರಿಸಿ ಹೊರಗೆ ತೆಗೆಯುತ್ತೇವೆ. ಉಳಿಯುವ ದಾರಿ ಸೂಜಿಯ ದಪ್ಪದಷ್ಟೇ, ಸುಮಾರು 0.4 ಮಿಲಿಮೀಟರ್. ನಿಮಿಷಕ್ಕೆ 500ಕ್ಕೂ ಹೆಚ್ಚು ಬಾರಿ ಬಡಿಯುವ ಹೃದಯ ಆ ಕಿಂಡಿಯಲ್ಲಿ ರಕ್ತವನ್ನು ನೂಕಬೇಕು. ಎರಡು ವಾರದೊಳಗೆ ಗೋಡೆ ದಪ್ಪವಾಗುತ್ತದೆ. ಆಗ ಹೃದಯವನ್ನು ತೂಗಿ, ಕಾಲಿನ ಮೂಳೆಯ ಉದ್ದದಿಂದ ಭಾಗಿಸುತ್ತೇವೆ; ಏಕೆಂದರೆ ಕಾಯಿಲೆಯಲ್ಲಿ ಇಲಿಯ ಮೈತೂಕ ಏರಿಳಿಯುತ್ತದೆ, ಮೂಳೆಯ ಉದ್ದ ಬದಲಾಗುವುದಿಲ್ಲ.

2006ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಎರಿಕ್ ಓಲ್ಸನ್ ಅವರ ಗುಂಪಿನ ಈವಾ ವಾನ್ ರೂಯ್ ಮತ್ತು ಸಂಗಡಿಗರು ಹೀಗೆ ದಪ್ಪವಾದ ಹೃದಯಗಳಲ್ಲಿ ಕೆಲವು ಮೈಕ್ರೋಆರ್‌ಎನ್‌ಎಗಳು ಏರುತ್ತವೆ, ಕೆಲವು ಇಳಿಯುತ್ತವೆ ಎಂದು ತೋರಿಸಿದರು. ಅದೇ ಪ್ರಬಂಧದಲ್ಲಿ ಇನ್ನೊಂದು ಮುಖ್ಯ ಸಂಗತಿಯಿತ್ತು. ದಾರ ಕಟ್ಟದೆ, ಬಿಪಿ ಏರಿಸದೆ, ಕೇವಲ ಮಿರ್-195 ಒಂದನ್ನೇ ಇಲಿಯ ಹೃದಯದಲ್ಲಿ ಹೆಚ್ಚಿಸಿದಾಗಲೂ ಹೃದಯ ಕಾಯಿಲೆ ಬಿದ್ದಿತು. ಅಂದರೆ ಇವು ಬರೀ ಹೊಗೆಯಲ್ಲ, ಕೆಲವಾದರೂ ಕಿಡಿಯೇ ಆಗಿರಬಹುದು.

ಅನುಮಾನದ ಅಣ್ಣಯ್ಯ

ಸೂಜಿ-ದಾರ ಅವರೇ, ಇಲ್ಲಿಯೇ ನನ್ನ ತಕರಾರು. ಯಾವುದೇ ಅಣುವನ್ನು ಅಳತೆ ಮೀರಿ ತುಂಬಿದರೆ ಕೋಶ ಕೆಡುತ್ತದೆ. ಅನ್ನಕ್ಕೆ ಒಂದು ಸೇರು ಉಪ್ಪು ಸುರಿದು, ಹಾಳಾಯಿತೆಂದು ನೋಡಿ, ಅನ್ನದ ರುಚಿಯನ್ನು ನಿರ್ಧರಿಸುವುದು ಉಪ್ಪೇ ಎಂದು ಸಾರಿದಂತಾಯಿತು. ಸಹಜವಾಗಿ ಇರುವಷ್ಟು ಪ್ರಮಾಣದಲ್ಲಿ ಒಂದು ಮೈಕ್ರೋಆರ್‌ಎನ್‌ಎ ತನ್ನ ಗುರಿಯ ಪ್ರೋಟೀನನ್ನು ತಗ್ಗಿಸುವುದು ಎಷ್ಟು? ಸಾವಿರಾರು ಪ್ರೋಟೀನುಗಳನ್ನು ಒಟ್ಟಿಗೆ ಅಳೆದ 2008ರ ಎರಡು ಅಧ್ಯಯನಗಳಲ್ಲಿ ಬಹುಪಾಲು ಇಳಿಕೆ ಅರ್ಧಕ್ಕಿಂತಲೂ ಕಡಿಮೆಯಿತ್ತು. ಇದು ತಂಬೂರಿಯ ತಂತಿಗೆ ಮಣಿ ಸರಿಸಿ ಶ್ರುತಿ ಹೊಂದಿಸುವ ಕೆಲಸವೇ ಹೊರತು ರಾಗವನ್ನು ಬದಲಿಸುವ ಕೆಲಸವಲ್ಲ.

ಸೂಜಿ-ದಾರ

ಒಂದು ಗುರಿಯನ್ನು ಮಾತ್ರ ನೋಡಿದರೆ ನಿಮ್ಮ ಮಾತು ಸರಿ. ಆದರೆ ಮೈಕ್ರೋಆರ್‌ಎನ್‌ಎ ಗುರಿಯನ್ನು ಗುರುತಿಸುವುದು ತನ್ನ 2ರಿಂದ 8ನೆಯ ಅಕ್ಷರಗಳಿಂದ. ಅಷ್ಟು ಚಿಕ್ಕ ಗುರುತು ನೂರಾರು ಸಂದೇಶಗಳಲ್ಲಿ ಸಿಗುತ್ತದೆ. ಒಂದೇ ದಾರಿಯ ನಾಲ್ಕಾರು ಪ್ರೋಟೀನುಗಳು ಸ್ವಲ್ಪ ಸ್ವಲ್ಪವೇ ತಗ್ಗಿದರೆ ಒಟ್ಟು ಪರಿಣಾಮ ಸ್ವಲ್ಪವಾಗಿರುವುದಿಲ್ಲ. ಉಪ್ಪಿನ ಹೋಲಿಕೆ ಬೀಳುವ ಇನ್ನೊಂದು ಕಡೆಯಿದೆ. ಹೆಚ್ಚಿಸಿದಾಗಿನ ಪರಿಣಾಮವನ್ನು ಬಿಡಿ, ತೆಗೆದುಹಾಕಿದಾಗ ಏನಾಯಿತೆಂದು ನೋಡೋಣ.

ಮಿರ್-208ಎ ಎಂಬ ಇನ್ನೊಂದು ಮೈಕ್ರೋಆರ್‌ಎನ್‌ಎ ಇರುವ ಜಾಗವೇ ಸ್ವಾರಸ್ಯಕರ. ಹೃದಯದ ಸಂಕೋಚನಕ್ಕೆ ಬೇಕಾದ ಆಲ್ಫಾ ಮಯೋಸಿನ್ ವಂಶವಾಹಿಯ ನಡುವೆ, ಪ್ರೋಟೀನಿಗೆ ಬೇಡವೆಂದು ಕತ್ತರಿಸಿ ಬಿಸಾಡುವ ಭಾಗದಲ್ಲಿ ಅದು ಕುಳಿತಿದೆ. 2007ರಲ್ಲಿ ಅದನ್ನು ಕಿತ್ತುಹಾಕಿದ ಇಲಿಗಳಿಗೆ ದಾರ ಕಟ್ಟಿದಾಗ ಹೃದಯ ಹೆಚ್ಚು ದಪ್ಪವಾಗಲಿಲ್ಲ, ನಾರು ಕಟ್ಟಲಿಲ್ಲ, ಒತ್ತಡ ಬಿದ್ದ ಹೃದಯ ಮತ್ತೆ ಹೊರತೆಗೆಯುವ ನಿಧಾನಗತಿಯ ಬೀಟಾ ಮಯೋಸಿನ್ ಕೂಡ ಏರಲಿಲ್ಲ. 2011ರಲ್ಲಿ ಅಧಿಕ ರಕ್ತದೊತ್ತಡದ ದೊಡ್ಡ ಜಾತಿಯ ಇಲಿಗಳಿಗೆ ಮಿರ್-208ಎಯನ್ನು ತಡೆಯುವ ಚುಚ್ಚುಮದ್ದು ಕೊಟ್ಟಾಗ ಅವುಗಳ ಹೃದಯದ ಕೆಲಸ ಸುಧಾರಿಸಿತು, ಹೆಚ್ಚು ದಿನ ಬದುಕಿದವು. ಬರೀ ಶ್ರುತಿ ಹೊಂದಿಸುವವನು ಹೊರಟುಹೋದರೆ ಕಚೇರಿಯೇ ಬದಲಾಗುತ್ತದೆಯೇ?

ಅನುಮಾನದ ಅಣ್ಣಯ್ಯ

ತಂಬೂರಿ ಅಪಶ್ರುತಿಯಾದ ಕಚೇರಿಯನ್ನು ನೀವು ಕೇಳಿಲ್ಲವೆಂದು ಕಾಣುತ್ತದೆ.

ಎದೆಬಡಿತ ಡಾಕ್ಟರ್

ನಿಮ್ಮಿಬ್ಬರ ಕಚೇರಿಯ ನಡುವೆ ನನ್ನದೊಂದು ಮಾತು. ಇಲಿಯ ಬೆಳೆದ ಹೃದಯದಲ್ಲಿ ಇರುವುದು ಹೆಚ್ಚಾಗಿ ಆಲ್ಫಾ ಮಯೋಸಿನ್, ವೇಗದ್ದು. ಬೆಳೆದ ಮನುಷ್ಯನ ಹೃತ್ಕುಕ್ಷಿಯಲ್ಲಿ ಆರೋಗ್ಯವಿದ್ದಾಗಲೇ ಬಹುಪಾಲು ಬೀಟಾ. ಇಲಿಯಲ್ಲಿ ಆಲ್ಫಾ ಹೋಗಿ ಬೀಟಾ ಬರುವುದು ದೊಡ್ಡ ಬದಲಾವಣೆ. ನಮ್ಮಲ್ಲಿ ಬೀಟಾ ಮೊದಲೇ ಮನೆ ತುಂಬಿಕೊಂಡಿದೆ. ಹಾಗಿರುವಾಗ ಮಿರ್-208ಎ ಕಥೆಯನ್ನು ಇಲಿಯಿಂದ ನೇರವಾಗಿ ರೋಗಿಯ ಮೇಲೆ ಹೊರಿಸಲು ನನಗೆ ಧೈರ್ಯವಿಲ್ಲ. 208ಎ ಇಲ್ಲದ ಇಲಿಗಳ ಹೃದಯದಲ್ಲಿ ವಿದ್ಯುತ್ ಸಂಚಾರವೂ ಕೆಟ್ಟಿತ್ತೆಂದು 2009ರಲ್ಲಿ ಇನ್ನೊಂದು ಗುಂಪು ವರದಿ ಮಾಡಿತಲ್ಲ, ಅದನ್ನು ಏಕೆ ಬಿಟ್ಟಿರಿ?

ಸೂಜಿ-ದಾರ

ಬಿಟ್ಟದ್ದು ತಪ್ಪು, ಒಪ್ಪುತ್ತೇನೆ. ಮಯೋಸಿನ್ ವಿಷಯದಲ್ಲಿಯೂ ನಿಮ್ಮ ಎಚ್ಚರಿಕೆ ಸರಿಯಾದದ್ದೇ.

ಪದಕೋಶ

ವಿಷಯದ ಅಂಚಿನಲ್ಲಿ ನಿಂತು ಒಂದು ಮಾತು. ಕೆಲವು ಲೇಖನಗಳಲ್ಲಿ ಇದನ್ನು "ಹೃದಯ ಹಿಗ್ಗುವಿಕೆ" ಎಂದು ಬರೆಯುವುದನ್ನು ಕಂಡಿದ್ದೇನೆ. ಕನ್ನಡದಲ್ಲಿ ಹೃದಯ ಹಿಗ್ಗಿತೆಂದರೆ ಮಗ ಪಾಸಾದನೆಂದೋ ಮಳೆ ಬಂತೆಂದೋ ಅರ್ಥ. ಅಷ್ಟೇ ಅಲ್ಲ, ಡಾಕ್ಟರು ಹೇಳಿದ ಎರಡು ಬಗೆಗಳಲ್ಲಿ ಕೋಣೆ ಅಗಲವಾಗುವುದಕ್ಕೆ ಆ ಪದ ಒಗ್ಗಬಹುದೇ ಹೊರತು ಗೋಡೆ ದಪ್ಪವಾಗುವುದಕ್ಕೆ ಒಗ್ಗುವುದಿಲ್ಲ. "ಸ್ನಾಯು ದಪ್ಪಗಟ್ಟುವುದು" ಎಂದರೆ ಯಾವ ಗೊಂದಲವೂ ಇಲ್ಲ.

ಜೀವಶಾಸ್ತ್ರದ ಮೇಷ್ಟ್ರು

ಪದಕೋಶದವರ ಸಲಹೆಯನ್ನು ಬರೆದಿಟ್ಟುಕೊಂಡೆ. ಆದರೆ ನನ್ನ ಮೂಲ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಮಿರ್-21 ಏನಾಯಿತು?

ಸೂಜಿ-ದಾರ

ಮೇಷ್ಟ್ರೇ, ಅದಕ್ಕೆ ಬರುತ್ತಿದ್ದೆ. ನಾನೇ ಮಾಡಿದ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಮೊದಲ ವರ್ಷ ನಾನು ದಾರ ಕಟ್ಟಿದ ಇಲಿಗಳ ಹೃದಯವನ್ನು ದ್ರವ ಸಾರಜನಕದಲ್ಲಿ ಗಟ್ಟಿ ಮಾಡಿ, ಕುಟ್ಟಾಣಿಯಲ್ಲಿ ಕುಟ್ಟಿ ಪುಡಿ ಮಾಡಿ, ಆ ಪುಡಿಯಿಂದ ಆರ್‌ಎನ್‌ಎ ತೆಗೆದು ಮಿರ್-21 ಅಳೆದೆ. ಹಲವು ಪಟ್ಟು ಏರಿತ್ತು. "ಹೃದಯಸ್ನಾಯುವಿನ ಕೋಶದಲ್ಲಿ ಮಿರ್-21 ಏರುತ್ತದೆ" ಎಂದು ವಾರದ ಸಭೆಯಲ್ಲಿ ಹೆಮ್ಮೆಯಿಂದ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಸಹೋದ್ಯೋಗಿಯೊಬ್ಬರು, ಕುಟ್ಟಾಣಿಯಲ್ಲಿ ಕುಟ್ಟಿದ್ದು ಸ್ನಾಯುಕೋಶವನ್ನೋ ಇಡೀ ಹೃದಯವನ್ನೋ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೃದಯದ ಗಾತ್ರದಲ್ಲಿ ಹೆಚ್ಚಿನ ಪಾಲು ಸ್ನಾಯುಕೋಶಗಳದ್ದೇ ಆದರೂ ಎಣಿಕೆಯಲ್ಲಿ ಅವು ಮೂರನೆಯ ಒಂದು ಭಾಗದಷ್ಟು ಮಾತ್ರ. ಉಳಿದವು ನಾರು ಹೆಣೆಯುವ ಫೈಬ್ರೋಬ್ಲಾಸ್ಟ್‌ಗಳು, ರಕ್ತನಾಳದ ಒಳಪದರದ ಕೋಶಗಳು, ರೋಗನಿರೋಧಕ ಕೋಶಗಳು. ಮತ್ತೆ ಮೂರು ತಿಂಗಳು ಕುಳಿತು ಕೋಶಗಳನ್ನು ಬೇರ್ಪಡಿಸಿ ಅಳೆದಾಗ, ನನ್ನ ಏರಿಕೆಯ ಬಹುಭಾಗ ಫೈಬ್ರೋಬ್ಲಾಸ್ಟ್‌ಗಳಲ್ಲಿತ್ತು.

ಜರ್ಮನಿಯಲ್ಲಿ ಥಾಮಸ್ ಥುಮ್ ಮತ್ತು ಸ್ಟೀಫನ್ ಎಂಗೆಲ್‌ಹಾರ್ಟ್ ಅವರ ಗುಂಪು 2008ರಲ್ಲಿ ಹೇಳಿದ್ದೂ ಇದನ್ನೇ. ಫೈಬ್ರೋಬ್ಲಾಸ್ಟ್‌ಗಳಲ್ಲಿ ಸ್ಪ್ರೌಟಿ-1 ಎಂಬ ಪ್ರೋಟೀನ್ ಬೆಳವಣಿಗೆಯ ಸಂಕೇತವೊಂದಕ್ಕೆ ಕಡಿವಾಣದಂತೆ ಇರುತ್ತದೆ. ಮಿರ್-21 ಆ ಕಡಿವಾಣವನ್ನು ಸಡಿಲಿಸುತ್ತದೆ. ಫೈಬ್ರೋಬ್ಲಾಸ್ಟ್‌ಗಳು ಸಾಯದೆ ಉಳಿದು ನಾರನ್ನು ಹೆಣೆಯುತ್ತಾ ಹೋಗುತ್ತವೆ. ತಡೆಯುವ ಔಷಧಿ ಕೊಟ್ಟಾಗ ನಾರು ಕಡಿಮೆಯಾಯಿತು, ಹೃದಯ ಸುಧಾರಿಸಿತು.

2010ರಲ್ಲಿ ಡಲ್ಲಾಸ್‌ನ ಗುಂಪು ಮಿರ್-21 ಇಲ್ಲದ ಇಲಿಗಳನ್ನು ಬೆಳೆಸಿ ದಾರ ಕಟ್ಟಿತು. ಬೇರೆ ಬಗೆಯ ಒತ್ತಡಗಳನ್ನೂ ಕೊಟ್ಟಿತು. ವ್ಯತ್ಯಾಸ ಕಾಣಲಿಲ್ಲ. ಮಿರ್-21ನ್ನು ತಡೆಯುವ 8 ಅಕ್ಷರದ ಚಿಕ್ಕ ತುಣುಕನ್ನು ಕೊಟ್ಟರೂ ವ್ಯತ್ಯಾಸವಿಲ್ಲ. ಮರುವರ್ಷ ಜರ್ಮನಿಯವರು, ಅಷ್ಟು ಚಿಕ್ಕ ತುಣುಕು ಈ ಕೆಲಸಕ್ಕೆ ಸಾಲದು, ನಾವು ಬಳಸಿದ್ದು ಉದ್ದನೆಯದು ಎಂದು ಪಕ್ಕಪಕ್ಕದಲ್ಲಿ ಹೋಲಿಸಿ ತೋರಿಸಿದರು. ಹುಟ್ಟಿನಿಂದಲೇ ಇಲ್ಲದ ಇಲಿಯ ಮಾತು ಬೇರೆ. ಭ್ರೂಣದ ದಿನಗಳಿಂದ ಒಂದು ಅಣು ಇಲ್ಲದಿದ್ದರೆ ಆ ಕೊರತೆಗೆ ದೇಹ ಒಗ್ಗಿಕೊಳ್ಳಲು ಸಮಯವಿರುತ್ತದೆ. ಬೆಳೆದ ಇಲಿಯಲ್ಲಿ ಒಮ್ಮೆಲೇ ತಡೆದಾಗ ಅಷ್ಟು ಸಮಯ ಸಿಗುವುದಿಲ್ಲ. ಅನಂತರ ಸ್ನಾಯುಕೋಶ ಬಿಟ್ಟು ಉಳಿದ ಕೋಶಗಳಲ್ಲಿ ಮಾತ್ರ ಮಿರ್-21 ಇಲ್ಲದಂತೆ ಮಾಡಿದ 2016ರ ಕೆಲಸ ಮತ್ತೆ ಜರ್ಮನಿಯವರ ಕಡೆಗೇ ವಾಲಿತು.

ಅನುಮಾನದ ಅಣ್ಣಯ್ಯ

ಆ ಕೆಲಸವೂ ಜರ್ಮನಿಯವರದ್ದೇ ಎಂಬುದನ್ನೂ ಸೇರಿಸಿ ಹೇಳಿ. "ದೇಹ ಒಗ್ಗಿಕೊಂಡಿತು" ಎಂಬುದು ಬಹಳ ಅನುಕೂಲದ ವಿವರಣೆ. ಕಿತ್ತುಹಾಕಿದಾಗ ಬದಲಾವಣೆಯಾದರೆ ಸಿದ್ಧಾಂತ ಗೆದ್ದಿತು, ಆಗದಿದ್ದರೆ ದೇಹ ಒಗ್ಗಿಕೊಂಡಿತು! ಎರಡೂ ಕಡೆ ಗೆಲ್ಲುವ ವಾದಕ್ಕೆ ನಾನು ತಲೆಬಾಗುವುದಿಲ್ಲ. ಮಿರ್-133ರದ್ದೂ ಅದೇ ಪಾಡು. ಅದನ್ನು ಔಷಧಿಯಿಂದ ತಡೆದರೆ ಇಲಿಯ ಹೃದಯ ದಪ್ಪವಾಗುತ್ತದೆಂದು 2007ರಲ್ಲಿ ಕಂಡೊರೆಲ್ಲಿ ಅವರ ಗುಂಪು ಹೇಳಿತು. ಮರುವರ್ಷ ಮಿರ್-133ಎಯ ಎರಡೂ ಪ್ರತಿಗಳನ್ನು ಕಿತ್ತುಹಾಕಿದ ಇಲಿಗಳಲ್ಲಿ ಸುಮಾರು ಅರ್ಧ ಹೃದಯದ ಗೋಡೆಯಲ್ಲಿ ರಂಧ್ರವಾಗಿ ಸತ್ತವು, ಉಳಿದವುಗಳ ಹೃದಯ ಅಗಲವಾಗಿ ಸೋತಿತು. ದಪ್ಪಗಟ್ಟುವುದೆಲ್ಲಿ ಹೋಯಿತು?

ಸೂಜಿ-ದಾರ

ಅಣ್ಣಯ್ಯನವರೇ, ಆ ಏಟು ಸರಿಯಾಗಿಯೇ ಬಿತ್ತು. ಮಿರ್-133ರ ವಿಷಯದಲ್ಲಿ ನನಗೂ ತೃಪ್ತಿಯಿಲ್ಲ. ಓಡಿಸಿ ತರಬೇತಿ ಕೊಟ್ಟ ಇಲಿಗಳ ಆರೋಗ್ಯಕರವಾಗಿ ದಪ್ಪವಾದ ಹೃದಯದಲ್ಲಿಯೂ ಅದು ಇಳಿದಿತ್ತು. ಹಾಗಾಗಿ ಅದರ ಇಳಿಕೆಯನ್ನು ಕಾಯಿಲೆಯ ಗುರುತೆಂದು ಕರೆಯಲೂ ಆಗದು.

ನಿಮ್ಮ ಅಳತೆಗೋಲಿನಲ್ಲಿಯೇ ಗೆಲ್ಲುವ ಒಂದು ಉದಾಹರಣೆ ಕೊಡುತ್ತೇನೆ, ಮಿರ್-132. 2012ರ ಪ್ರಬಂಧದಲ್ಲಿ ಅದನ್ನೂ ಅದರ ಜೋಡಿ ಮಿರ್-212ನ್ನೂ ಹೆಚ್ಚಿಸಿದ ಇಲಿಗಳ ಹೃದಯ ದಪ್ಪವಾಗಿ ಸೋತಿತು. ಹುಟ್ಟಿನಿಂದಲೇ ಎರಡೂ ಇಲ್ಲದ ಇಲಿಗಳಿಗೆ ದಾರ ಕಟ್ಟಿದಾಗ ರಕ್ಷಣೆ ದೊರೆಯಿತು. ಸಾಮಾನ್ಯ ಇಲಿಗಳಲ್ಲಿ ಮಿರ್-132ನ್ನು ಔಷಧಿಯಿಂದ ತಡೆದಾಗಲೂ ರಕ್ಷಣೆ ದೊರೆಯಿತು. ಮೂರೂ ಕಡೆಯಿಂದ ಒಂದೇ ಉತ್ತರ. ಇದರ ಗುರಿ ಫಾಕ್ಸ್-ಓ3 ಎಂಬ ಪ್ರೋಟೀನ್. ಅದು ಕೋಶ ದಪ್ಪವಾಗದಂತೆ ತಡೆಯುತ್ತದೆ, ಕೋಶದೊಳಗಿನ ಕಸ ವಿಲೇವಾರಿಯನ್ನೂ ನಡೆಸುತ್ತದೆ. ಅದು ತಗ್ಗಿದಾಗ ಕ್ಯಾಲ್ಸಿನ್ಯೂರಿನ್ ಎಂಬ ಬೆಳವಣಿಗೆಯ ಸಂಕೇತಕ್ಕೆ ಅಂಕೆ ತಪ್ಪುತ್ತದೆ.

ಅನುಮಾನದ ಅಣ್ಣಯ್ಯ

ಮಿರ್-132ಕ್ಕೆ ಒಪ್ಪಿದೆ. ಉಳಿದವಕ್ಕೆ ಇಲ್ಲ.

ಕೆರೆಯಂಗಳ

ಹಾಗಾದರೆ ಆ ಔಷಧಿ ಮನುಷ್ಯರಿಗೆ ಬಂದಿದೆಯೇ? ಎಲ್ಲಿ ಸಿಗುತ್ತದೆ?

ಎದೆಬಡಿತ ಡಾಕ್ಟರ್

ಅಂಗಡಿಯಲ್ಲಿ ಕೇಳಲು ಹೋಗಬೇಡಿ, ಅದು ಇನ್ನೂ ಪ್ರಯೋಗದ ಮಾತು. ಥುಮ್ ಅವರ ಕೆಲಸದಿಂದ ಹನೋವರ್‌ನಲ್ಲಿ ಹುಟ್ಟಿದ ಕಾರ್ಡಿಯರ್ ಕಂಪನಿ ಮಿರ್-132ನ್ನು ತಡೆಯುವ ಸಿಡಿಆರ್132ಎಲ್ ಎಂಬ ಔಷಧಿಯನ್ನು ಮೊದಲು ಹಂದಿಗಳಿಗೆ, ಅನಂತರ 28 ಜನ ಹೃದಯವೈಫಲ್ಯದ ರೋಗಿಗಳಿಗೆ ಕೊಟ್ಟು ನೋಡಿತು. ಸುರಕ್ಷತೆಯ ತೊಂದರೆ ಕಾಣಲಿಲ್ಲ, ಕೆಲವು ರಕ್ತಸೂಚಕಗಳು ಇಳಿಯುವ ಲಕ್ಷಣವಿತ್ತು. 28 ಜನರಲ್ಲಿ ಅದಕ್ಕಿಂತ ಹೆಚ್ಚಿನದನ್ನು ಹೇಳಲಾಗದು. 2024ರಲ್ಲಿ ನೊವೊ ನಾರ್ಡಿಸ್ಕ್ ಎಂಬ ದೊಡ್ಡ ಔಷಧಿ ಕಂಪನಿ ಆ ಕಂಪನಿಯನ್ನು ಷರತ್ತುಗಳೆಲ್ಲ ಈಡೇರಿದರೆ 100 ಕೋಟಿ ಯೂರೊಗೂ ಹೆಚ್ಚು ತಲುಪುವ ಬೆಲೆಗೆ ಕೊಳ್ಳಲು ಒಪ್ಪಿತು. ವ್ಯಾಪಾರಿಗಳ ನಂಬಿಕೆಯನ್ನು ಪುರಾವೆಯೆಂದು ನಾನು ಎಣಿಸುವುದಿಲ್ಲ.

ಜೀವಶಾಸ್ತ್ರದ ಮೇಷ್ಟ್ರು

ತಡೆಯುವುದು ಸರಿ. ಕಡಿಮೆಯಾದ ಮೈಕ್ರೋಆರ್‌ಎನ್‌ಎಯನ್ನು ತುಂಬಿಕೊಡಲು ಬರುವುದಿಲ್ಲವೇ?

ಸೂಜಿ-ದಾರ

ತುಂಬುವುದು ಇನ್ನೂ ನಾಜೂಕಿನ ಕೆಲಸ. ಇಟಲಿಯಲ್ಲಿ ಮಾಡಿ 2019ರಲ್ಲಿ ಪ್ರಕಟಿಸಿದ ಕೆಲಸವೊಂದಿದೆ. ಹೃದಯಾಘಾತವಾದ ಹಂದಿಗಳಿಗೆ ಮಾನವನ ಮಿರ್-199ಎಯನ್ನು ವೈರಾಣುವಿನ ಮೂಲಕ ಕೊಟ್ಟರು. ಅದು ಸ್ನಾಯುಕೋಶಗಳನ್ನು ವಿಭಜಿಸುವಂತೆ ಪ್ರೇರೇಪಿಸುವ ಮೈಕ್ರೋಆರ್‌ಎನ್‌ಎ. ಒಂದು ತಿಂಗಳಲ್ಲಿ ಗಾಯ ಚಿಕ್ಕದಾಯಿತು, ಹೃದಯದ ಕೆಲಸ ಸುಧಾರಿಸಿತು. ಅನಂತರ ಹೆಚ್ಚಿನ ಹಂದಿಗಳು ಹೃದಯದ ಲಯ ತಪ್ಪಿ ಹಠಾತ್ತನೆ ಸತ್ತವು. ಬಲಿಯದ ಕೋಶಗಳು ಬೆಳೆಯುತ್ತಲೇ ಹೋಗಿದ್ದವು. ಕೊಟ್ಟದ್ದನ್ನು ನಿಲ್ಲಿಸುವ ಉಪಾಯ ಇರಲಿಲ್ಲ. ಅವರು ಅದನ್ನು ಮುಚ್ಚಿಡದೆ ಪ್ರಬಂಧದ ಸಾರಾಂಶದಲ್ಲಿಯೇ ಬರೆದದ್ದು ನನಗೆ ಮೆಚ್ಚುಗೆಯಾಯಿತು.

ಕಾವೇರಿ ತೀರ

ನಮ್ಮ ಮನೆಯಲ್ಲಿ ಅಜ್ಜ, ದೊಡ್ಡಪ್ಪ ಇಬ್ಬರಿಗೂ ಬಿಪಿ ಇಲ್ಲದೆಯೇ ಹೃದಯದ ಗೋಡೆ ದಪ್ಪವಿತ್ತು. ವಂಶವಾಹಿ ಪರೀಕ್ಷೆಯಲ್ಲಿ ಎಂವೈಬಿಪಿಸಿ3 ಎಂಬ ಹೆಸರು ಬಂದಿತು. ಅಲ್ಲಿಯೂ ಈ ಮೈಕ್ರೋಆರ್‌ಎನ್‌ಎ ಕಾರಣವೇ?

ಎದೆಬಡಿತ ಡಾಕ್ಟರ್

ಅಲ್ಲಿ ಮೂಲ ಕಾರಣ ಸಂಕೋಚನದ ಪ್ರೋಟೀನಿನಲ್ಲಿಯೇ ಇರುವ ದೋಷ. ಮೈಕ್ರೋಆರ್‌ಎನ್‌ಎಗಳ ಏರಿಳಿತ ಅದರ ಹಿಂದೆ ಬರುವಂಥದ್ದು. ಆ ವಂಶವಾಹಿಯಲ್ಲಿ 25 ಅಕ್ಷರಗಳು ಬಿಟ್ಟುಹೋದ ಒಂದು ಬದಲಾವಣೆ ದಕ್ಷಿಣ ಏಷ್ಯಾದ ಸುಮಾರು 4% ಜನರಲ್ಲಿದೆ ಎಂದು 2009ರಲ್ಲಿ ಪ್ರಕಟವಾಯಿತು. ಆದರೆ ಅದನ್ನು ಹೊತ್ತವರೆಲ್ಲ ರೋಗಿಗಳಾಗುವುದಿಲ್ಲ. ನಿಮ್ಮ ವರದಿಯಲ್ಲಿ ಇರುವುದು ಅದೋ ಬೇರೆಯದೋ ಎಂಬುದನ್ನು ನೋಡದೆ ಹೆದರಬೇಡಿ. ಹೆಸರು ಬಂದವರ ಮಕ್ಕಳಿಗೂ ಒಡಹುಟ್ಟಿದವರಿಗೂ ಎಕೋ ಮಾಡಿಸಿ.

ಜೀವಶಾಸ್ತ್ರದ ಮೇಷ್ಟ್ರು

ಇಂದು ತರಗತಿಯಲ್ಲಿ ಹೇಳಿಬಂದೆ. ಮಿರ್-21ರ ಜಗಳವನ್ನು ಮುಚ್ಚಿಡದೆ, ಕುಟ್ಟಾಣಿಯ ಕಥೆಯ ಸಮೇತ ಹೇಳಿದೆ. 27 ಗೇಜ್ ಸೂಜಿಯೊಂದನ್ನು ಔಷಧಿ ಅಂಗಡಿಯಿಂದ ಕೊಂಡು, ಮುಚ್ಚಳ ಹಾಕಿಯೇ ಎಲ್ಲರಿಗೂ ತೋರಿಸಿದೆ. ಆ ಹುಡುಗಿ ಕೇಳಿದ್ದು ಇಷ್ಟೇ: "ಸರ್, ದಾರ ಬಿಚ್ಚಿದರೆ ಇಲಿಯ ಹೃದಯ ಮೊದಲಿನಂತೆ ಆಗುತ್ತದೆಯೇ?" ನನಗೆ ಗೊತ್ತಿರಲಿಲ್ಲ.

ಸೂಜಿ-ದಾರ

ಒಳ್ಳೆಯ ಪ್ರಶ್ನೆ. ದಾರ ಬಿಚ್ಚುವ ಪ್ರಯೋಗಗಳನ್ನೂ ಮಾಡಿದ್ದಾರೆ. ಬೇಗ ಬಿಚ್ಚಿದರೆ ಗೋಡೆ ವಾರಗಳಲ್ಲಿ ತೆಳುವಾಗುತ್ತದೆ. ಉಬ್ಬಿದ ಕೋಶ ಬೇಗ ಇಳಿಯುತ್ತದೆ, ಕಟ್ಟಿಕೊಂಡ ನಾರು ನಿಧಾನ.

ಎದೆಬಡಿತ ಡಾಕ್ಟರ್

ಮನುಷ್ಯರಲ್ಲಿಯೂ ಹಾಗೆಯೇ. ಕಿರಿದಾದ ಮಹಾಪಧಮನಿ ಕವಾಟವನ್ನು ಬದಲಿಸಿದ ಮೇಲೆ ತಿಂಗಳುಗಳಲ್ಲಿ ಸ್ನಾಯುವಿನ ದಪ್ಪ ಇಳಿಯುವುದನ್ನು ನಾವು ಎಕೋದಲ್ಲಿ ನೋಡುತ್ತಲೇ ಇರುತ್ತೇವೆ. ಬಿಪಿ ಮಾತ್ರೆಯನ್ನು ತಪ್ಪದೆ ತೆಗೆದುಕೊಂಡವರಲ್ಲಿಯೂ ಇಳಿಯುತ್ತದೆ. ಆ ಹುಡುಗಿಯ ತಂದೆ ಮಾತ್ರೆಯನ್ನು ಮತ್ತೆ ಆರಂಭಿಸಲು ತಮ್ಮ ವೈದ್ಯರನ್ನು ಈ ವಾರವೇ ಕಾಣಲಿ. ಮುಂದಿನ ಎಕೋ ಯಾವಾಗ ಎಂಬುದನ್ನು ಅವರೇ ಹೇಳುತ್ತಾರೆ. ಸಾಧ್ಯವಾದರೆ ಅದೇ ಜಾಗದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಲಿ. ಅಳೆಯುವ ಕೈ ಬದಲಾದರೆ ಒಂದು ಮಿಲಿಮೀಟರ್ ಹಾಗೆಯೇ ಹೆಚ್ಚು ಕಡಿಮೆಯಾಗುತ್ತದೆ, ಆಮೇಲೆ ಅದನ್ನು ಮಾತ್ರೆಯ ಗುಣವೆಂದೋ ದೋಷವೆಂದೋ ಮನೆಯಲ್ಲಿ ವಾದ ನಡೆಯುತ್ತದೆ.